ಬಿಲ್ಲೆ ಬ್ಯಾಟರಿಯ ಕೆಳಗಿನ ಕಂಬಳಿ ಎಳೆ

ನಮ್ಮ ಮನೆಯ ಹಳೇ ಗೇಮಿಂಗ್ ಲ್ಯಾಪ್‌ಟಾಪಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಕೂರಿಸಿ ಅದಕ್ಕೆ ಜೀವ ತಂದವಳು ನಾನು ಎಂದು ಮಧುಗಿರಿಯಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರೂ ಎಂದರೆ ನಮ್ಮ ಬೀದಿಯ ಆರು ಮನೆಯವರು. ಅವರ ಮಾತನ್ನು ನೀವು ನಂಬಬೇಡಿ. ಮೊದಲು ಹಾಗೆ ಹೇಳಿದವಳು ನಾನೇ. ಒಬ್ಬಳು ಹೇಳಿದ್ದನ್ನು ಆರು ಮನೆಯವರು ತಿರುಗಿ ಹೇಳಿದರೆ ಸಾಕ್ಷಿ ಏಳಾಗುವುದಿಲ್ಲ, ಒಂದೇ ಇರುತ್ತದೆ.

ಶಿರಾಕ್ಕೆ ಹೋಗಿ ಕೇಳಿದರೆ ಲ್ಯಾಪ್‌ಟಾಪ್ ರಿಪೇರಿಯ ಇಮ್ತಿಯಾಜ್ ಭಾಯಿ ತನ್ನ ಅಂಗಡಿಯ ಬ್ಲೋಯರ್ ತೋರಿಸಿ, "ಇದರ ಗಾಳಿ ಹೊಡೆದದ್ದಕ್ಕೇ ಎದ್ದು ಕೂತಿದ್ದು" ಎನ್ನುತ್ತಾನೆ. ಪಾವಗಡದಾಚೆ ಬಲಸಮುದ್ರದಲ್ಲಿ ಸೋಲಾರ್ ಫಲಕಗಳ ಕೆಲಸ ಮಾಡುವ ನಮ್ಮ ಸೋದರಮಾವನಂತೂ ಆ ಲ್ಯಾಪ್‌ಟಾಪನ್ನು ಕಣ್ಣಲ್ಲೂ ನೋಡಿಲ್ಲ, ಆದರೂ ಫೋನಿನಲ್ಲಿ ತನ್ನ ಅರೆತೆಲುಗಿನಲ್ಲಿ, "ಏಮ್ಮಾ, ನಾನು ಮುಂದೇ ಚೆಪ್ಪಿದ್ನಲ್ಲ, ಮೀ ಮಧುಗಿರಿ ಕರೆಂಟು ಕರೆಂಟೇ ಕಾದು, ಕರೆಂಟೇ ಅಲ್ಲ! ವೋಲ್ಟೇಜ್ ಸರಿ ಹೋಯ್ತು, ಲ್ಯಾಪ್‌ಟಾಪ್ ಸರಿ ಹೋಯ್ತು, ಅಂತೇ!" ಎಂದು ಕೀರ್ತಿಯಲ್ಲಿ ಪಾಲು ಕೇಳಿದ. ಒಂದು ಲ್ಯಾಪ್‌ಟಾಪ್, ಮೂರು ತಾಲ್ಲೂಕು, ಮೂರು ಕತೆ. ಕೊರಟಗೆರೆಯವರು ಮಾತ್ರ ಯಾವ ಹಕ್ಕನ್ನೂ ಮಂಡಿಸುವುದಿಲ್ಲ. ನಿಜವಾದದ್ದು ನಡೆದಾಗ ನಾನು ಕೊರಟಗೆರೆಯಲ್ಲಿದ್ದೆ ಎನ್ನುವುದಷ್ಟೇ ಆ ಊರಿನ ಪಾತ್ರ.

ಇಷ್ಟೆಲ್ಲ ಈಗ ಏಕೆ ನೆನಪಾಯಿತೆಂದರೆ, ಮೊನ್ನೆ ಭಾನುವಾರ ಫ್ಯಾನಿನ ಧೂಳು ತೆಗೆಯೋಣವೆಂದು ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿದೆ. ಒಳಗೆ ಒಂದು ಮೂಲೆಯಲ್ಲಿ ರೂಪಾಯಿ ಬಿಲ್ಲೆಯಂಥ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅದರ ಅಡಿಯಿಂದ ಕರ್ರಗೆ ಏನೋ ಇಣುಕುತ್ತಿತ್ತು. ನನ್ನ ಕೂದಲಿರಬೇಕು ಎಂದುಕೊಂಡು ಚಿಮಟದಿಂದ ಎಳೆದೆ. ಕೂದಲು ಇಷ್ಟು ಒರಟಾಗಿರುವುದಿಲ್ಲ, ಇಷ್ಟು ಸುರುಳಿಯಾಗಿಯೂ ಇರುವುದಿಲ್ಲ. ಮೂಸಿ ನೋಡಿದೆ. ನಗಬೇಡಿ, ಕೆಲವು ಸಾಕ್ಷ್ಯಗಳನ್ನು ಮೂಸಿಯೇ ನೋಡಬೇಕು. ಅದು ಕುರಿಯ ಉಣ್ಣೆ. ನಮ್ಮಪ್ಪನ ಕಂಬಳಿಯ ಎಳೆ.

ಅಪ್ಪನ ಕಂಬಳಿಯ ವಿಷಯ ಹೇಳಬೇಕು. ಅಪ್ಪ ಬಸ್ಸಿನ ಡ್ರೈವರಾಗಿದ್ದರು. ಮಧುಗಿರಿಯಿಂದ ಪಾವಗಡ, ಪಾವಗಡದಿಂದ ಮಧುಗಿರಿ. ಕೆಲವು ವರ್ಷ ಕೊರಟಗೆರೆಯ ಕಡೆಗೆ. ಬಸ್ಸು ಬದಲಾಗುತ್ತಿತ್ತು, ಕಂಡಕ್ಟರು ಬದಲಾಗುತ್ತಿದ್ದರು, ಸೀಟಿನ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸುತ್ತಿದ್ದ ಕರಿ ಕಂಬಳಿ ಮಾತ್ರ ಅದೇ. ಕಳ್ಳಂಬೆಳ್ಳದ ಕಡೆಯ ಒಬ್ಬ ಕುರುಬರ ಅಜ್ಜ ಮಗ್ಗದಿಂದ ಇಳಿಸಿದ ದಿನವೇ ತಂದದ್ದಂತೆ. ಬಸ್ಸು ಕೆಟ್ಟು ನಿಂತರೆ ಅದೇ ಕಂಬಳಿಯನ್ನು ರಸ್ತೆಗೆ ಹಾಸಿ ಅಪ್ಪ ಬಸ್ಸಿನ ಅಡಿಗೆ ಹೋಗುತ್ತಿದ್ದರು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬಿಚ್ಚಿದ ಸರದಿಯಲ್ಲೇ ಅದರ ಮೇಲೆ ಸಾಲಾಗಿ ಇಡುತ್ತಿದ್ದರು. "ಕಂಬ್ಳಿ ಮ್ಯಾಲಿಟ್ಟ ಸಾಮಾನು ಉರುಳಾಕಿಲ್ಲ ಕಣಮ್ಮ" ಎನ್ನುವುದು ಅವರ ಸಿದ್ಧಾಂತ.

ಬೇಸಿಗೆ ರಜೆಯಲ್ಲಿ ನಾನು ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಕೂತು ಸುತ್ತುತ್ತಿದ್ದೆ. ಅಡಿಯಿಂದ ಬಿಸಿ, ಮುಂದಿನಿಂದ ಬಿಸಿಲು. ಮಧುಗಿರಿ ಬೆಟ್ಟ ಒಮ್ಮೆ ಎಡಗಡೆ, ಒಮ್ಮೆ ಬಲಗಡೆ ಬರುತ್ತಿತ್ತು. ಬೆಟ್ಟ ಯಾಕೆ ತಿರುಗುತ್ತದೆ ಎಂದು ಕೇಳಿದೆ. "ಬೆಟ್ಟ ತಿರುಗಲ್ಲ, ನಾವು ತಿರುಗ್ತೀವಿ." ಹಾಗಂತ ಏನು ಗ್ಯಾರಂಟಿ ಎಂದೆ. ಅಪ್ಪ ತಮ್ಮ ಸೀಟಿನ ಮೇಲ್ಗಡೆಯ ಬೋರ್ಡು ತೋರಿಸಿದರು: ಚಾಲಕರೊಂದಿಗೆ ಮಾತನಾಡಬೇಡಿ. ಮುಂದೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಕಪ್ಪುಗಳನ್ನು ಹೊತ್ತು ತಂದೆನಲ್ಲ, ಅದಕ್ಕೆ ಕಾರಣ ಈ ಬೋರ್ಡು. ಉತ್ತರ ಸಿಗದ ಪ್ರಶ್ನೆಗಳನ್ನು ಬಡ್ಡಿ ಸಮೇತ ಬೇರೆಯವರ ಮೇಲೆ ತೀರಿಸಿಕೊಂಡೆ.

ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಕೊರಟಗೆರೆ ದಾಟಿದ ಮೇಲೆ, ಮಳೆ ಹುಯ್ಯಿತು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ, ಬರುವುದೇ ಇಲ್ಲ. ಬಂದರೆ ವರ್ಷದ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಸುರಿಯುತ್ತದೆ. ಅಪ್ಪ ಹುಣಸೆಮರಗಳ ಸಾಲಿನ ಪಕ್ಕ ಬಸ್ಸು ನಿಲ್ಲಿಸಿ, ಕೀ ತೆಗೆದು ಕಂಡಕ್ಟರ ಕೈಗೆ ಕೊಟ್ಟರು. "ನಂಗೆ ರಸ್ತೆ ಕಾಣಾಕಿಲ್ಲ. ಬ್ಯಾರೆ ಬಸ್ಸಿಗೆ ಫೋನ್ ಮಾಡು" ಎಂದರು. ಮಳೆ ನಿಂತ ಮೇಲೂ ಸೀಟಿಗೆ ಏರಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಿತ್ತು. ಯಾರೂ ಹೇಳದೆ ತಾವೇ ಡಿಪೋದಲ್ಲಿ ಹೇಳಿ ಸ್ಟಿಯರಿಂಗ್ ಬಿಟ್ಟರು. ಉಳಿದ ಸರ್ವಿಸನ್ನು ಡಿಪೋದ ಒಳಗಿನ ಕುರ್ಚಿಯಲ್ಲಿ ಮುಗಿಸಿದರು. "ಮಳೆಗೆ ಹೆದರಿದ ಡ್ರೈವರು" ಎಂದು ಜೊತೆಯವರು ಆಡಿಕೊಂಡದ್ದು ನನಗೂ ಕೇಳಿಸಿದೆ. ನಾನು ವಾದಕ್ಕೆ ಹೊರಟರೆ ಅಪ್ಪ, "ಬುಡಮ್ಮ, ನಿಂತದ್ದು ದಿಟ ತಾನೆ" ಎಂದು ನನ್ನನ್ನೇ ನಿಲ್ಲಿಸಿದರು.

ಈಗ ಲ್ಯಾಪ್‌ಟಾಪ್. ಕಾನೂನು ಡಿಗ್ರಿಯಲ್ಲಿದ್ದಾಗ "ಓದಿಗೆ" ಎಂದು ಹೇಳಿ ಕೊಂಡದ್ದು. ಇದನ್ನು ನಾನು ಯಾವ ವೇದಿಕೆಯಲ್ಲೂ ಸಮರ್ಥಿಸಲಾರೆ. ಕೀಲಿಗಳ ಕೆಳಗೆ ಕೆಂಪು ದೀಪ ಉರಿಯುವ, ಒರಳುಕಲ್ಲಿನಷ್ಟು ತೂಕದ ಯಂತ್ರದಲ್ಲಿ ಯಾರೂ ಕಾನೂನು ಓದುವುದಿಲ್ಲ. ಅಪ್ಪ ನಿವೃತ್ತರಾಗಿ ಮನೆಯಲ್ಲಿ ಕೂತು ಗೋಡೆ ನೋಡತೊಡಗಿದಾಗ ನಾನು ಅದರಲ್ಲಿ ಬಸ್ಸು ಓಡಿಸುವ ಒಂದು ಆಟ ಹಾಕಿ, ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಸ್ಟಿಯರಿಂಗ್ ತಂದು, ಅಮ್ಮನ ಹೊಲಿಗೆ ಮಷೀನಿನ ಹಲಗೆಗೆ ಬಿಗಿದೆ. ಮನೆಯಲ್ಲಿ ಅಷ್ಟು ಗಟ್ಟಿಯಾದ ಹಲಗೆ ಇನ್ನೊಂದಿರಲಿಲ್ಲ. ಬ್ರೇಕು, ಆಕ್ಸಿಲೇಟರು ಕೆಳಗೆ, ಮಷೀನಿನ ತುಳಿಹಲಗೆಯ ಪಕ್ಕದಲ್ಲಿ. ಅಪ್ಪ ಗಾಬರಿಯಲ್ಲಿ ಬ್ರೇಕು ಹಾಕಿದರೆ ಕಾಲು ಅದಕ್ಕೂ ತಗುಲಿ ಸೂಜಿ ಟಕಟಕ ಓಡುತ್ತಿತ್ತು.

"ನಿಮ್ಮಪ್ಪ ಬಸ್ ನಿಲ್ಲಿಸಿದ್ರೆ ನನ್ ರವಿಕೆಗೆ ಹೊಲಿಗೆ ಬೀಳ್ತದೆ" ಎಂದು ಅಮ್ಮನ ದೂರು.

ಕಂಬಳಿ ಮತ್ತೆ ಸೀಟಿಗೆ ಬಂತು. ಪರದೆಯಿಂದ ಒಂದೂವರೆ ಗೇಣು ದೂರದಲ್ಲಿ ಕೂತರೆ ಅಪ್ಪನಿಗೆ ಆ ರಸ್ತೆ ಚೆನ್ನಾಗಿಯೇ ಕಾಣುತ್ತಿತ್ತು. ಆಟದ ಊರಿನಲ್ಲಿ ಎಲ್ಲರೂ ಬಲಗಡೆ ಓಡಿಸುತ್ತಾರೆ. ಅಪ್ಪ ಮೊದಲ ವಾರವೆಲ್ಲ ಎಡಗಡೆಯೇ ಹೋಗಿ, "ಊರೂರೇ ರಾಂಗ್ ಸೈಡಲ್ಲಿ ಬತ್ತಾವ್ರಲ್ಲಮ್ಮ!" ಎಂದು ಬೈದರು. ಇಲ್ಲದ ರಸ್ತೆಯುಬ್ಬಿಗೆ ನಿಧಾನ ಮಾಡುವುದು, ಹತ್ತಿದವರು ಕೂರುವ ತನಕ ಗೇರು ಹಾಕದಿರುವುದು, ಇದೆಲ್ಲ ಇತ್ತು. ಆಟ ಅವರಿಗೆ ತಡವಾದ ದಂಡ ಹಾಕುತ್ತಲೇ ಇತ್ತು. ಅಪ್ಪ ಕೇರೇ ಮಾಡಲಿಲ್ಲ.

ತೊಂದರೆ ಒಂದೇ. ಆಟದಲ್ಲಿ ಮಳೆ ಬಂದರೆ ಲ್ಯಾಪ್‌ಟಾಪ್ ನಿಂತುಬಿಡುತ್ತಿತ್ತು. ಹನಿ, ವೈಪರು, ರಸ್ತೆಯಲ್ಲಿ ಹೊಳೆಯುವ ನೀರು, ಇಷ್ಟನ್ನು ಒಟ್ಟಿಗೆ ತೋರಿಸುವ ತಾಕತ್ತು ಹಳೇ ಕಾರ್ಡಿಗಿರಲಿಲ್ಲ. ಚಿತ್ರ ಜಗ್ಗುತ್ತ, ಕುಂಟುತ್ತ, ಕೊನೆಗೆ ನಿಶ್ಚಲ. ನಾನು ಮಳೆಯನ್ನೇ ಆರಿಸಿಡುತ್ತೇನೆ, ಅದಕ್ಕೊಂದು ಗುಂಡಿಯಿದೆ ಎಂದೆ. ಅಪ್ಪ ಸ್ಟಿಯರಿಂಗಿನಿಂದ ಕೈ ತೆಗೆಯದೆ ಹೇಳಿದರು:

"ಬ್ಯಾಡ. ಮಳೇಲೂ ಓಡ್ಬೇಕು ಅದು."

ಸಾಮಾನ್ಯವಾಗಿ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬದಲಿಸುವಂತಿಲ್ಲ. ನನ್ನಂಥ ಕೆಲವು ಹಳೇ ಗೇಮಿಂಗ್ ಯಂತ್ರಗಳಲ್ಲಿ ಮಾತ್ರ ಅದು ಅಂಗೈಯಗಲದ ಬಿಡಿ ಹಲಗೆ. ಬಿಚ್ಚಿ ಇನ್ನೊಂದು ಹಾಕಬಹುದು. ಮಧುಗಿರಿಯ ಅಂಗಡಿಯವರು ಆಗುವುದಿಲ್ಲ ಎಂದಿದ್ದರು. ಆಗುತ್ತದೆ ಎಂದು ಸಾಧಿಸಲು ಇದಕ್ಕಿಂತ ಬೇರೆ ಕಾರಣ ಬೇಕೆ? ಹುಡುಕಿ, ಒಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ತರಿಸಿದೆ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ" ಎಂದರು ಅಮ್ಮ, ಹಳೇ ಲ್ಯಾಪ್‌ಟಾಪಿನ ಕಡೆ ನೋಡಿ.

ನಡುಮನೆಯಲ್ಲಿ ಅಪ್ಪ ಕಂಬಳಿ ಹಾಸಿದರು. ಯಂತ್ರ ಬಿಚ್ಚುವುದೆಂದರೆ ಅವರಿಗೆ ಅದು ಕಂಬಳಿಯ ಮೇಲೆಯೇ. ನಾನು ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಹನ್ನೊಂದು ಸ್ಕ್ರೂ ಬಿಚ್ಚಿದೆ. ಒಂದೊಂದೂ ರಾಗಿಕಾಳಿನಷ್ಟು. ದೊಡ್ಡ ಬ್ಯಾಟರಿ ತೆಗೆದೆ, ಹಳೇ ಕಾರ್ಡ್ ತೆಗೆದೆ, ಹೊಸದನ್ನು ಕೂರಿಸಿದೆ. ಅಪ್ಪ ಬಗ್ಗಿ ನೋಡುತ್ತಿದ್ದರು.

"ಟರ್ಮಿನಲ್ ತೆಗುದ್ಯೇನಮ್ಮ?"

"ಅಪ್ಪ, ಇದು ಬಸ್ಸಲ್ಲ. ಬ್ಯಾಟರಿ ತೆಗೆದಿದೀನಿ."

"ಎಲ್ಲಾ ಬ್ಯಾಟ್ರಿನೂವಾ? ಅಲ್ಲೊಂದು ಗುಂಡುಗೆ ಹೊಳೀತೈತಲ್ಲ, ವಾಚಿನ ಶೆಲ್ಲಿದ್ದಂಗೆ."

"ಅದು ಬರೀ ಗಡಿಯಾರ ಓಡ್ಸೋಕೆ, ಅಪ್ಪ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ."

"ನಮ್ ಹೊಸ ಬಸ್ಸುಗಳಲ್ಲಿ ಎಂಜಿನ್ನಿನ ಕಂಪ್ಯೂಟರ್ ಬೋರ್ಡ್ ಬದಲಾಯಿಸಿದ್ರೆ ಟರ್ಮಿನಲ್ ತೆಗುದು ಅರ್ಧ ಗಂಟೆ ಬುಡ್ತಿದ್ರು. ಇಲ್ದಿದ್ರೆ ಹಳೇ ಫಾಲ್ಟೇ ನೆನಪಿಟ್ಕೊಂಡಿರ್ತದೆ. ಮರೆಸ್ಬೇಕು ಅದನ್ನ."

ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಎರಡು ವಸ್ತುಗಳ ನಡುವೆ ಒಂದು ಹೋಲಿಕೆಯಿದ್ದ ಮಾತ್ರಕ್ಕೆ ಎಲ್ಲ ಹೋಲಿಕೆಯೂ ಇರಬೇಕಿಲ್ಲ, ಎಮ್ಮೆಯೂ ಕಪ್ಪು ಕಂಬಳಿಯೂ ಕಪ್ಪು ಎಂದು ಕಂಬಳಿಯಲ್ಲಿ ಹಾಲು ಕರೆಯಲಾಗುವುದಿಲ್ಲ ಎಂದು ಐದು ನಿಮಿಷ ಮಾತನಾಡಿದೆ. ಅಪ್ಪ, "ಸರಿ ಕಣಮ್ಮ" ಎಂದರು. ನಾನು ಗೆದ್ದೆ.

ಮುಚ್ಚಳ ಹಾಕಿ ಗುಂಡಿ ಒತ್ತಿದೆ. ಪರದೆ ಕಪ್ಪು. ಒಳಗಿನಿಂದ ಬೀಪ್, ಬೀಪ್, ಎಂಟು ಸಲ. ಬಿಚ್ಚಿ ಮತ್ತೆ ಕೂರಿಸಿದೆ; ಎಂಟು ಸಲ. ಶಾಖ ಎಳೆಯುವ ಪೇಸ್ಟನ್ನು ದೋಸೆಗೆ ಚಟ್ನಿ ಸವರಿದಂತೆ ಹೊಸದಾಗಿ ಸವರಿದೆ, ಎಂಟು ಸಲ. ಹಳೇ ಕಾರ್ಡ್ ಹಾಕಿದರೆ ಸಲೀಸಾಗಿ ಹೊತ್ತಿಕೊಂಡಿತು. ಹೊಸದು ಹಾಕಿದರೆ ಮತ್ತೆ ಎಂಟು. ಕೊನೆಗೆ ಮುಚ್ಚಿದಾಗ ಒಂದು ಸ್ಕ್ರೂ ಉಳಿಯಿತು. ಯಾವುದನ್ನೇ ಬಿಚ್ಚಿ ಮುಚ್ಚಿದರೂ ನನ್ನಲ್ಲಿ ಒಂದು ಉಳಿಯುತ್ತದೆ. ಅದನ್ನು ಅಮ್ಮನ ಗುಂಡಿಗಳ ಡಬ್ಬಿಗೆ ಹಾಕಿದೆ.

ಮಾರನೇ ದಿನ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿರಾಕ್ಕೆ ಹೋದೆ. ಇಮ್ತಿಯಾಜ್ ಭಾಯಿ ಹಿಂದಿನ ಮುಚ್ಚಳ ತೆಗೆದು, ಬ್ಲೋಯರಿನಿಂದ ಗಾಳಿ ಹೊಡೆದು, ಬೀಪುಗಳನ್ನು ಕಣ್ಣು ಮುಚ್ಚಿ ಆಲಿಸಿದ.

"ಮೇಡಮ್, ಇದನ್ನ ಎಲ್ಲಿ ಇಟ್ಟು ಬಿಚ್ಚಿದ್ರಿ?"

"ಕಂಬಳಿ ಮೇಲೆ."

"ಯಾ ಅಲ್ಲಾ! ಉಣ್ಣೆ ಕಂಬ್ಳಿ? ಖತಂ. ಉಣ್ಣೆಲಿ ಕರೆಂಟ್ ಇರ್ತದೆ ಮೇಡಮ್, ಚಳಿಗಾಲದಲ್ಲಿ ಚಟ್‌ಚಟ್ ಅಂತದಲ್ಲ, ಅದೇ. ಒಂದು ಕಿಡಿ ಸಾಕು. ನಿಮ್ಮ ಕಂಬ್ಳಿನೇ ಕಾರ್ಡನ್ನ ಕೊಂದಿದ್ದು."

"ಕಿಡಿ ನೀವು ನೋಡಿದ್ರಾ?"

"ನಾನು ಹೆಂಗೆ ನೋಡ್ಲಿ?"

"ಮತ್ತೆ ಕಾರ್ಡ್ ನನ್ನ ಕೈಗೆ ಬರೋ ಮೊದಲೇ ಸತ್ತಿರಬಹುದಲ್ಲ?"

"ಇರಬಹುದು."

"ಅಥವಾ ಸತ್ತೇ ಇಲ್ಲದೇ ಇರಬಹುದಲ್ಲ?"

ಆತ ಬ್ಲೋಯರ್ ಕೆಳಗಿಟ್ಟ. "ಮೇಡಮ್, ನೀವು ವಕೀಲ್ರಾ?"

"ಅಲ್ಲ. ಪಾಠ ಹೇಳ್ತೀನಿ."

"ಅಲ್ಲಾಹ್ ಆ ಮಕ್ಕಳನ್ನ ಕಾಪಾಡ್ಲಿ" ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದ.

ಅಲ್ಲಿ ನಾನು ಅಷ್ಟು ವಾದಿಸಿದೆ. ಮನೆಯಲ್ಲಿ ಮಾಡಿದ್ದೇನು? "ಕಂಬಳಿಯಿಂದ ಕಾರ್ಡ್ ಹೋಯ್ತಂತೆ" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಶಿರಾದಲ್ಲಿ ಒಪ್ಪದ ತೀರ್ಪನ್ನು ಮಧುಗಿರಿಯಲ್ಲಿ ಓದಿ ಹೇಳಿದೆ. ಸೋತ ಪಂದ್ಯಕ್ಕೆ ಯಾರಾದರೂ ಹೊಣೆಯಾಗಲಿ ಎನ್ನುವ ಆತುರ ಅದು, ನನಗಾಗ ಗೊತ್ತಾಗಲಿಲ್ಲ.

ಅಪ್ಪ ಎದ್ದು, ಮಷೀನಿನ ಮುಂದಿನ ಕುರ್ಚಿಯಿಂದ ಕಂಬಳಿ ತೆಗೆದು, ಕೊಡವಿ, ಮಡಿಸಿ, ಅಟ್ಟದ ಮೇಲಿಟ್ಟರು. ಸ್ಟಿಯರಿಂಗನ್ನೂ ಬಿಚ್ಚಿ ಅದರ ಪಕ್ಕದಲ್ಲಿಟ್ಟರು.

"ಹಳೇ ಕಾರ್ಡ್ ಹಾಕ್ಕೊಡ್ತೀನಪ್ಪ, ಆಡು."

"ಬ್ಯಾಡ ಬುಡಮ್ಮ. ನಿಮ್ಮಮ್ಮನ ಮಷೀನು ಅದು. ಎಷ್ಟು ದಿನ ಅಂತ ಹಿಡ್ಕೊಳ್ಳೋದು."

ಅಮ್ಮನಿಗೆ ಮಷೀನು ಸಿಕ್ಕಿತು. ಆದರೆ ಆವತ್ತು ಅವರು ಹೊಲಿಯಲಿಲ್ಲ.

ಮಾರನೇ ದಿನ ನಾನು ಕೊರಟಗೆರೆಯ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಬೇಕಿತ್ತು. ಹೋದೆ. ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎನ್ನುವ ಧಾಟಿಯಲ್ಲಿ ವಾದಿಸಿದ ಒಬ್ಬಳಿಗೆ ಅಂಕ ಕಡಿದು, ಒಂದು ಆದ ಮೇಲೆ ಇನ್ನೊಂದು ಆದರೆ ಮೊದಲನೆಯದೇ ಕಾರಣವಾಗುವುದಿಲ್ಲ ಎಂದು ಎಲ್ಲರೆದುರು ತಿದ್ದಿ, ಶಾಲು ಹೊದೆಸಿಕೊಂಡು ಬಂದೆ.

ಸಂಜೆ ಮನೆಗೆ ಬಂದವಳೇ, ಕಾರ್ಡನ್ನು ಮಾರಿದವನಿಗೆ ಹಿಂದೆ ಕಳಿಸುವ ಮೊದಲು ಒಂದು ಕಡೇ ಪ್ರಯತ್ನ ಎಂದು ಲ್ಯಾಪ್‌ಟಾಪಿನ ಮುಚ್ಚಳ ತೆಗೆದು, ಕಾರ್ಡನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಮುಚ್ಚಿ, ಗುಂಡಿ ಅದುಮಿದೆ. ಹೊತ್ತಿಕೊಂಡಿತು! ಬೀಪಿಲ್ಲ, ಕಪ್ಪಿಲ್ಲ.

ನಾನು ಕೂಗಿದ ಕೂಗಿಗೆ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. "ಸರಿಯಾಗಿ ಕೂತಿರಲಿಲ್ಲ ಅಷ್ಟೇ! ಒತ್ತಿದೆ, ಸರಿಹೋಯ್ತು! ಕಂಬಳಿದೇನೂ ತಪ್ಪಿಲ್ಲ!" ಎಂದು ಘೋಷಿಸಿದೆ. ಪರದೆಯ ಮೂಲೆಯಲ್ಲಿ ತಾರೀಖು ಎಷ್ಟೋ ವರ್ಷ ಹಿಂದಿನದನ್ನು ತೋರಿಸುತ್ತಿತ್ತು; ನಾನಿನ್ನೂ ಹೈಸ್ಕೂಲಿನಲ್ಲಿದ್ದ ವರ್ಷ. "ಮುದಿ ಯಂತ್ರ, ಅರಳುಮರಳು" ಎಂದು ನಕ್ಕು ತಿದ್ದಿದೆ. ಗಡಿಯಾರ ಓಡಿಸುವುದು ಯಾವ ಬ್ಯಾಟರಿ ಎಂದು ಎರಡು ದಿನದ ಹಿಂದೆ ಐದು ನಿಮಿಷ ಭಾಷಣ ಮಾಡಿದವಳು ನಾನೇ.

ಅಪ್ಪ ಬಾಗಿಲ ಬಳಿ ನಿಂತಿದ್ದರು. "ಹಂಗೇ ಇರ್ಬೇಕು ಕಣಮ್ಮ. ಸರಿಯಾಗಿ ಕೂತಿರಾಕಿಲ್ಲ" ಎಂದು ಅಟ್ಟಕ್ಕೆ ಕೈಚಾಚಿ ಕಂಬಳಿ ಇಳಿಸಿದರು.

ಮೂರು ತಿಂಗಳು ಈ ಕತೆಯನ್ನು ಎಲ್ಲರಿಗೂ ಹೇಳಿದ್ದೇನೆ. ಅಪ್ಪ ಪ್ರತಿ ಸಲವೂ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದಾರೆ.

ಮೊನ್ನೆ ಎಳೆ ಸಿಕ್ಕ ಮೇಲೆ ನನ್ನ ವಿರುದ್ಧ ನಾನೇ ವಾದಕ್ಕೆ ನಿಂತೆ. ಮೊದಲ ದಿನ ಕಂಬಳಿಯ ಮೇಲೆ ಬಿಚ್ಚಿದಾಗಲೇ ಎಳೆ ಒಳಗೆ ಬಿದ್ದಿರಬಹುದಲ್ಲ? ಬಿದ್ದಿರಬಹುದು, ಆದರೆ ಬ್ಯಾಟರಿಯ ಮೇಲೆ. ಅದು ಸಿಕ್ಕಿದ್ದು ಅಡಿಯಲ್ಲಿ. ಆ ಬಿಲ್ಲೆಯನ್ನು ನಾನು ಯಾವತ್ತೂ ಎತ್ತಿಲ್ಲ. ಇಮ್ತಿಯಾಜ್ ಭಾಯಿ ನನ್ನ ಕಣ್ಣೆದುರು ಮುಟ್ಟಿಲ್ಲ. ಗುಂಡಿಗಳ ಡಬ್ಬಿ ಸುರಿದು ನೋಡಿದೆ. ಉಳಿದಿದ್ದ ಸ್ಕ್ರೂ ಅದರಲ್ಲಿರಲಿಲ್ಲ. ಲ್ಯಾಪ್‌ಟಾಪಿನಿಂದ ಆಗಷ್ಟೇ ತೆಗೆದಿಟ್ಟಿದ್ದವನ್ನು ಎಣಿಸಿದೆ. ಹನ್ನೊಂದಿದ್ದವು.

ಅಮ್ಮನನ್ನು ಪಾಟೀಸವಾಲಿಗೆ ಕರೆದೆ.

"ನಾನು ಕೊರಟಗೆರೆಗೆ ಹೋದ ದಿನ ಅಪ್ಪ ಏನ್ ಮಾಡ್ತಿದ್ರು?"

"ನಂಗೇನ್ ಗೊತ್ತಮ್ಮ. ನಾನು ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸ್ತಿದ್ದೆ. ಒಳಗಿದ್ರು. ಒಂದ್ಸಲ ಬಂದು ದಬ್ಬಳ ಕೇಳಿದ್ರು, ಕೊಟ್ಟೆ. ಆಮೇಲೆ ಗುಂಡಿ ಡಬ್ಬಿ ಎಲ್ಲೈತೆ ಅಂದ್ರು."

"ಯಾಕೆ ಅಂತ ಕೇಳ್ಲಿಲ್ವಾ?"

"ನಿನ್ನಂಗೆ ಎಲ್ಲದಕ್ಕೂ ಯಾಕೆ ಅಂತ ಕೇಳ್ಕೊಂಡಿದ್ದಿದ್ರೆ ಸಂಸಾರ ಆಗ್ತಿತ್ತೇನೇ?"

ಸಾಕ್ಷಿ ಮುಗಿಯಿತು. ಕಾರ್ಡನ್ನು ಕೊಂದ ಅಪವಾದ ಹೊತ್ತ ಕಂಬಳಿಯನ್ನೇ ಅಪ್ಪ ಮತ್ತೆ ಕೆಳಗಿಳಿಸಿ, ಹಾಸಿ, ದಬ್ಬಳದಿಂದ ಬಿಲ್ಲೆ ಎಬ್ಬಿಸಿ, ಅರ್ಧ ಗಂಟೆ ಕಾದು, ತಿರುಗಿ ಕೂರಿಸಿ, ನಾನು ಉಳಿಸಿದ್ದ ಸ್ಕ್ರೂವನ್ನೂ ಅದರ ಜಾಗಕ್ಕೆ ಹಾಕಿ, ಎಲ್ಲವನ್ನೂ ಇದ್ದಲ್ಲೇ ಇಟ್ಟು, ನನ್ನ ಭಾಷಣಕ್ಕೆ ತಲೆಯಾಡಿಸಿದ್ದಾರೆ. ಲ್ಯಾಪ್‌ಟಾಪು ಹಳೇ ಕಾರ್ಡನ್ನು ಮರೆತದ್ದು ಹಾಗೆ, ಅದರ ಜೊತೆಗೆ ತಾರೀಖನ್ನೂ. ಅಲ್ಲಿಗೆ ಶಿರಾ, ಪಾವಗಡ, ಮಧುಗಿರಿ ಮೂರೂ ಸೋತವು.

ಗೆದ್ದವರು ಯಾರೆಂದು ತಿಳಿಯಿತು, ಹೇಗೆಂದು ತಿಳಿಯಲಿಲ್ಲ. ಏಕೆಂದರೆ ಅಪ್ಪ ದಿನಾ ಬೆಳಿಗ್ಗೆ ಮಾತ್ರೆಯ ಹಾಳೆಯನ್ನು ನನ್ನ ಕೈಗೆ ಕೊಡುತ್ತಾರೆ, "ಸಕ್ರೇದು ಯಾವ್ದಮ್ಮ, ಬೀಪಿದು ಯಾವ್ದಮ್ಮ" ಎಂದು. ನನ್ನ ಮುಖವೇ ಎರಡು ಮಾರು ದೂರ ಹೋದರೆ ಮಂಜು ಎನ್ನುತ್ತಾರೆ. ರಾಗಿಕಾಳಿನಂಥ ಸ್ಕ್ರೂಗಳು. ಕಂಡು ತೆಗೆದದ್ದಾದರೆ, ಆ ಕಣ್ಣು ನಾವಂದುಕೊಂಡಷ್ಟು ಹೋಗಿಲ್ಲ. ಬೆರಳಲ್ಲಿ ತಡವಿ ತೆಗೆದದ್ದಾದರೆ, ಬಾಗಿಲು ಹಾಕಿಕೊಂಡು, ಒಬ್ಬರೇ, ಕಂಬಳಿಯ ಮೇಲೆ ಒಂದೊಂದನ್ನೂ ಸರದಿಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದರು? ಮೊದಲನೆಯದೇ ನಿಜವಾಗಲಿ ಎಂದು ನನ್ನ ಆಸೆ. ಆಸೆ ಪುರಾವೆಯಲ್ಲ ಎಂದು ಮಕ್ಕಳಿಗೆ ಕಲಿಸುವವಳೂ ನಾನೇ.

ಎಳೆಯನ್ನು ಅಂಗೈಯಲ್ಲಿಟ್ಟುಕೊಂಡು, ಲ್ಯಾಪ್‌ಟಾಪ್ ಮುಚ್ಚಿ ಮಷೀನಿನ ಮೇಲಿಟ್ಟೆ. ಅಪ್ಪ ಕಂಬಳಿ ಮಡಿಸಿ ಹಾಕಿ ಕೂತರು. ಬಸ್ಸು ಹೊರಟಿತು. ಎರಡು ಸ್ಟಾಪು ದಾಟಿದ ಮೇಲೆ ಪರದೆಯಲ್ಲಿ ಮೋಡ ಕವಿದು ಮಳೆ ಶುರುವಾಯಿತು. ಧೋ ಎನ್ನುವ ಮಳೆ. ಚಿತ್ರ ಜಗ್ಗಲಿಲ್ಲ. ಅಪ್ಪ ವೈಪರ್ ಹಾಕಿ, ಗೇರು ಇಳಿಸಿ, ಮುಂದಕ್ಕೆ ಬಾಗಿದರು. ನಿಲ್ಲಿಸಲಿಲ್ಲ. ನಾನು ಪಕ್ಕದಲ್ಲಿ, ಚಿಕ್ಕವಳಿದ್ದಾಗ ಕೂರುತ್ತಿದ್ದ ಕಡೆಗೇ, ಎಡಕ್ಕೆ ಸ್ಟೂಲು ಎಳೆದುಕೊಂಡು ಕೂತೆ. ಚಾಲಕರೊಂದಿಗೆ ಮಾತನಾಡಬಾರದೆಂಬ ಬೋರ್ಡು ಇಲ್ಲಿಲ್ಲ. ಅಂಗೈ ಬಿಚ್ಚಿ ಅವರ ಮುಂದೆ ಹಿಡಿದೆ. ಅದರತ್ತ ನೋಡಿದರೋ, ರಸ್ತೆಯನ್ನೇ ನೋಡುತ್ತಿದ್ದರೋ ಗೊತ್ತಾಗಲಿಲ್ಲ.

"ಅಪ್ಪಾ, ಆ ಹನ್ನೊಂದು ಸ್ಕ್ರೂ ನಿನಗೆ ಕಂಡ್ವಾ?"